ರಂಗಪರಿಕರ ಮತ್ತು ಗೋಡೆಚಿತ್ರಗಳ ಸರಳ ವರ್ಣವಿಧಾನ

ನಾಟಕ, ಶಾಲೆಯ ವಾರ್ಷಿಕೋತ್ಸವ, ಗಣೇಶನ ಪೆಂಡಾಲು, ದಸರಾ ಗೊಂಬೆಹಬ್ಬ, ಮದುವೆಮನೆ ಮೊದಲಾದ ಸಂದರ್ಭಗಳಿಗೆ ಜನ ಕೈಯಾರೆ ಮಾಡಿಕೊಳ್ಳುವ ಕಿರೀಟ, ಗದೆ, ಮುಖವಾಡ, ಬಂಡೆ, ಮರ, ಪರದೆಗಳಿಗೂ ಮನೆ ಮತ್ತು ಶಾಲೆಗಳ ಗೋಡೆಗಳಿಗೂ ಬಣ್ಣ ಹಾಕುವ ಸುಲಭ ಕ್ರಮಗಳು. ಇವುಗಳಿಗೆ ಚಿತ್ರಕಲಾ ಶಾಲೆಯ ತರಬೇತಿ ಬೇಕಿಲ್ಲ. ಗೋಡೆಗೆ ಬಳಿಯುವ ಬಣ್ಣ, ಸ್ಪಂಜು, ಹಳೆಯ ಹಲ್ಲುಜ್ಜುವ ಬ್ರಷ್ಷು, ರಟ್ಟು, ಹಳೆ ಪೇಪರು, ಮೈದಾ ಅಂಟು ಇದ್ದರೆ ಕೆಲಸ ನಡೆಯುತ್ತದೆ. ಹಾಗೆಂದು ಇದು ಕಡಿಮೆ ದರ್ಜೆಯ ಕಲೆಯಲ್ಲ. ಚೌಕಟ್ಟಿನೊಳಗಿನ ಚಿತ್ರಕ್ಕಿಲ್ಲದ ಒಂದು ಷರತ್ತು ಇದಕ್ಕಿದೆ. ಅದು ದೂರ.

ಸಭಾಂಗಣದ ಹಿಂದಿನ ಸಾಲಿನಲ್ಲಿ, ಬಯಲಿನ ಜಮಖಾನದ ಮೇಲೆ, ಶಾಲೆಯ ಅಂಗಳದ ಆಚೆ ತುದಿಯಲ್ಲಿ ಕೂತವರ ಕಣ್ಣಿಗಾಗಿ ಇಲ್ಲಿ ಬಣ್ಣ ಬೀಳಬೇಕು. ಮೂವತ್ತು ಅಡಿ ದೂರಕ್ಕೆ ಹೋದ ಮೇಲೆ ನವಿರಾದ ಗೆರೆಗಳು ಕರಗಿಹೋಗುತ್ತವೆ, ಹತ್ತಿರ ಹತ್ತಿರದ ಎರಡು ಬಣ್ಣಗಳು ಒಂದೇ ಆಗುತ್ತವೆ. ಉಳಿಯುವುದು ಆಕಾರ, ನೆರಳು ಬೆಳಕಿನ ಅಂತರ ಮತ್ತು ಮೈಯ ಒರಟು ನುಣುಪು. ಹತ್ತಿರದಿಂದ ಒಡ್ಡೊಡ್ಡಾಗಿ, ಅರ್ಧಕ್ಕೇ ಬಿಟ್ಟಂತೆ ಕಾಣುವ ಕೆಲಸ ದೂರದಿಂದ ಜೀವ ತಳೆಯುವುದು ಹೀಗೆ. ಬಣ್ಣ ಹಾಕುವವರು ಹತ್ತು ನಿಮಿಷಕ್ಕೊಮ್ಮೆ ಕುಂಚ ಕೆಳಗಿಟ್ಟು ಪ್ರೇಕ್ಷಕರು ಕೂರುವ ಜಾಗಕ್ಕೇ ನಡೆದು ಹೋಗಿ, ಕಣ್ಣು ಕಿರಿದು ಮಾಡಿ ನೋಡಿ ಬರಬೇಕು. ಮುಂದೆ ಹೇಳುವ ಎಲ್ಲ ಉಪಾಯಗಳೂ ಈ ನಡಿಗೆಯಿಂದಲೇ ಹುಟ್ಟಿದವು.

ಪರಂಪರೆ

ಮನೆಯವರೇ ಗೋಡೆಗೆ ಬಣ್ಣ ಬರೆಯುವ ರೂಢಿ ಕನ್ನಡ ನಾಡಿನಲ್ಲಿ ಹೊಸದಲ್ಲ. ಮಲೆನಾಡಿನ ಸಾಗರ, ಸೊರಬದ ಕಡೆ ದೀವರ ಹೆಂಗಸರು ಬರೆಯುವ ಹಸೆ ಚಿತ್ತಾರ ಇದಕ್ಕೆ ಒಳ್ಳೆಯ ಉದಾಹರಣೆ. ಮದುಮಕ್ಕಳು ಕೂರುವ ಹಸೆಗೋಡೆಗೆ ಕೆಮ್ಮಣ್ಣು ಬಳಿದು ಅದರ ಮೇಲೆ ಚಿತ್ತಾರ ಮೂಡಿಸುತ್ತಾರೆ. ನೆನೆಸಿ ಅರೆದ ಅಕ್ಕಿಯಿಂದ ಬಿಳಿ, ಕರಿಯಾಗುವಂತೆ ಹುರಿದ ಅಕ್ಕಿಯಿಂದ ಕಪ್ಪು, ಗುರಿಗೆ ಕಾಯಿಯಿಂದ ಹಳದಿ, ಮಣ್ಣಿನಿಂದ ಕೆಂಪು; ಬರೆಯಲು ಪುಂಡಿ ನಾರಿನ ಕುಂಚ. ನಾಲ್ಕೇ ಬಣ್ಣ, ಸರಳ ರೇಖೆ ಮತ್ತು ತ್ರಿಕೋನಗಳ ಪುನರಾವರ್ತನೆ. ಗೋಡೆಚಿತ್ರಕ್ಕೆ ಹೊಸದಾಗಿ ಕೈ ಹಾಕುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗದು. ಬಣ್ಣಗಳ ಸಂಖ್ಯೆ ಕಡಿಮೆಯಾದಷ್ಟೂ ಗೋಡೆ ಒಂದೇ ಕೈಯ ಕೆಲಸವಾಗಿ ಕಾಣುತ್ತದೆ.

ಉತ್ತರ ಕನ್ನಡದಿಂದ ಗೋವೆಯವರೆಗಿನ ಕರಾವಳಿಯ ಕಾವಿ ಕಲೆ ಇನ್ನೊಂದು ದಾರಿ ತೋರಿಸುತ್ತದೆ. ಚಿಪ್ಪು ಸುಟ್ಟು ಮಾಡಿದ ಸುಣ್ಣಕ್ಕೆ ಮರಳು, ಬೆಲ್ಲ ಸೇರಿಸಿ ಕೊಳೆಯಲು ಬಿಟ್ಟು, ಕುಟ್ಟಿ ಹದಗೊಳಿಸಿದ ಗಾರೆಯನ್ನು ಗೋಡೆಗೆ ಮೆತ್ತಿ, ಅದರ ಮೇಲೆ ಹುರುಮಂಜಿನ ಕೆಂಪು ಪದರ ಹಚ್ಚುತ್ತಿದ್ದರು. ಆ ಪದರ ಹಸಿಯಾಗಿರುವಾಗಲೇ ಮೊನಚು ಕಡ್ಡಿಯಿಂದ ಗೆರೆ ಕೊರೆದು ಬೇಡದ ಕೆಂಪನ್ನು ಕೆರೆದು ತೆಗೆದರೆ ಒಳಗಿನ ಬಿಳಿ ಕಾಣಿಸುತ್ತದೆ. ಇಲ್ಲಿ ಚಿತ್ರ ಮೂಡುವುದು ಬಣ್ಣ ಹಚ್ಚುವುದರಿಂದಲ್ಲ, ತೆಗೆಯುವುದರಿಂದ. ಮಕ್ಕಳೊಂದಿಗೆ ಇದನ್ನು ರಟ್ಟಿನ ಮೇಲೆ ಸಲೀಸಾಗಿ ಮಾಡಬಹುದು: ಬಿಳಿ ಎಮಲ್ಷನ್ ಚೆನ್ನಾಗಿ ಒಣಗಿದ ಮೇಲೆ ಕಾವಿ ಬಣ್ಣ ದಪ್ಪಗೆ ಬಳಿದು, ಅದು ಆರುವ ಮೊದಲೇ ರೀಫಿಲ್ಲಿಲ್ಲದ ಪೆನ್ನಿನ ತುದಿಯಿಂದ ಗೀಚಿದರೆ ಸಾಕು. ಬಾಗಿಲವಾಡದ ಅಂಚು, ತುಳಸಿಕಟ್ಟೆ, ದೇವಾಲಯದ ದೃಶ್ಯಕ್ಕೆ ಇದು ಬಲು ಚೆನ್ನಾಗಿ ಒಪ್ಪುತ್ತದೆ.

ದೂರದ ಕಣ್ಣಿಗೆ ಬರೆಯುವ ಜಾಣತನ ಹಳೆಯ ಭಿತ್ತಿಚಿತ್ರಗಳಲ್ಲೂ ಇದೆ. ವಿಜಯನಗರ ಕಾಲದ ಲೇಪಾಕ್ಷಿಯ ಮೇಲ್ಛಾವಣಿಯ ಚಿತ್ರಗಳನ್ನು ನೆಲದ ಮೇಲೆ ನಿಂತು ಕತ್ತೆತ್ತಿ ನೋಡಬೇಕು. ಹಾಗಿದ್ದೂ ಸೀರೆಯ ಅಂಚು, ಕಣ್ಣಿನ ತಿರುವು ಸ್ಪಷ್ಟವಾಗಿ ಕಾಣುವುದು ಚಪ್ಪಟೆ ಮಣ್ಣುಬಣ್ಣಗಳ ಸುತ್ತ ಎಳೆದ ಕಪ್ಪು ಹೊರಗೆರೆಯಿಂದ.

ರಂಗಭೂಮಿಗೆ ಚಿತ್ರಿತ ಪರದೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ, ಊರೂರು ಸುತ್ತುತ್ತಿದ್ದ ಪಾರ್ಸಿ ನಾಟಕ ಮಂಡಳಿಗಳ ಪ್ರಭಾವದಿಂದ. 1884ರಲ್ಲಿ ಆರಂಭವಾದ ಗುಬ್ಬಿ ಕಂಪನಿಯಂಥ ವೃತ್ತಿಮಂಡಳಿಗಳು ರಸ್ತೆ, ಕಾಡು, ದರ್ಬಾರು, ಉದ್ಯಾನ ಎಂದು ಬೇರೆಬೇರೆ ‘ಸೀನು’ಗಳನ್ನು ಬರೆಸಿ, ಸೈಡ್ ವಿಂಗು ಝಾಲರುಗಳೊಡನೆ ಊರಿಂದೂರಿಗೆ ಹೊತ್ತೊಯ್ಯುತ್ತಿದ್ದವು. ಒಂದೇ ದರ್ಬಾರಿನ ಪರದೆ ದುರ್ಯೋಧನನಿಗೂ ಆಗುತ್ತಿತ್ತು, ಹರಿಶ್ಚಂದ್ರನಿಗೂ ಆಗುತ್ತಿತ್ತು. ಹಳೆ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಆಡುವವರು ಈಗಲೂ ಡ್ರಾಮಾ ಸೀನರಿಯನ್ನು ಬಾಡಿಗೆಗೆ ತರುತ್ತಾರೆ. ಮುಂದೆ ಹವ್ಯಾಸಿ ರಂಗಭೂಮಿ ಬೆಳೆದಂತೆ ರಂಗಸಜ್ಜಿಕೆ ಸರಳವಾಯಿತು. ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರ (1980), ಮೈಸೂರಿನ ರಂಗಾಯಣ (1989) ಇವುಗಳ ಕಾಲಕ್ಕೆ ಬಿದಿರು, ಗೋಣಿತಾಟು, ಚಾಪೆಗಳೇ ರಂಗದ ಮೇಲೆ ಅರ್ಥ ಹೊರತೊಡಗಿದವು. ಇಂದು ಮನೆಯಲ್ಲಿ ಪರಿಕರ ಮಾಡುವವರು ಈ ಎರಡೂ ಪರಂಪರೆಗಳಿಂದ ಕಲಿಯಬಹುದು: ಕಂಪನಿಯವರಿಂದ ಭ್ರಮೆ ಹುಟ್ಟಿಸುವ ಬಣ್ಣದ ಕೈಚಳಕ, ಹವ್ಯಾಸಿಗಳಿಂದ ಎಷ್ಟು ಸಾಕು ಎಂಬ ತಿಳಿವಳಿಕೆ.

ತಳ

ಬಣ್ಣ ಕೆಡುವುದು ಬಹುಪಾಲು ತಳದಿಂದ. ಪರದೆಗೆ ಮಂಜರಪಾಟು ಅಥವಾ ಯಾವುದೇ ಕೋರಾ ಹತ್ತಿಬಟ್ಟೆ ಒಳ್ಳೆಯದು. ನೀರು ತಾಗಿದೊಡನೆ ಅದು ಕುಗ್ಗುವುದರಿಂದ, ಚೌಕಟ್ಟಿಗೆ ಬಿಗಿದು ಮೊಳೆ ಹೊಡೆದ ಮೇಲೆಯೇ ತಳ ಹಚ್ಚಬೇಕು. ತೆಳ್ಳಗೆ ಕುದಿಸಿದ ಮೈದಾ ಗಂಜಿಗೆ ಸೀಮೆಸುಣ್ಣದ ಪುಡಿ ಕಲಸಿ ಒಂದು ಕೈ ಬಳಿದರೆ ಬಟ್ಟೆಯ ರಂಧ್ರಗಳು ಮುಚ್ಚಿ ಬಣ್ಣ ಮೇಲೆಯೇ ನಿಲ್ಲುತ್ತದೆ. ಗಂಜಿಗೆ ಜಿರಲೆ, ಬೂಷ್ಟು ಹಿಡಿಯದಿರಲೆಂದು ಹಿಂದಿನವರು ಚಿಟಿಕೆ ಮೈಲುತುತ್ತ ಹಾಕುತ್ತಿದ್ದರು. ಅದು ವಿಷ, ಮಕ್ಕಳು ಕೈ ಹಾಕುವ ಕೆಲಸದಲ್ಲಿ ಅದನ್ನು ಬಿಡುವುದೇ ಸರಿ, ಅಂದಂದಿನ ಅಂಟನ್ನು ಅಂದಂದೇ ಕುದಿಸಿಕೊಂಡರಾಯಿತು.

ರಟ್ಟಿಗೆ ಒಂದೇ ಮಗ್ಗುಲಿಗೆ ಬಣ್ಣ ಬಳಿದರೆ ಒಣಗುವಾಗ ಅದು ಆ ಕಡೆಗೆ ಬಾಗುತ್ತದೆ. ಹಿಂಬದಿಗೂ ಯಾವುದಾದರೂ ಉಳಿದ ಬಣ್ಣವನ್ನು ಅದೇ ಹೊತ್ತಿಗೆ ಬಳಿಯುವುದೇ ಇದಕ್ಕೆ ಮದ್ದು. ಎಷ್ಟೋ ಶಾಲೆಗಳ ರಟ್ಟಿನ ಕೋಟೆಗಳು ಪ್ರದರ್ಶನದ ದಿನ ಹಪ್ಪಳದಂತೆ ಸುರುಟಿಕೊಳ್ಳುವುದು ಈ ಒಂದು ಮಾತು ತಿಳಿಯದೆ. ಸುಕ್ಕುರಟ್ಟಿನ ಮೇಲ್ಪದರವನ್ನು ಒದ್ದೆ ಮಾಡಿ ಸುಲಿದರೆ ಒಳಗಿನ ಅಲೆಗಳು ಹೊರಬೀಳುತ್ತವೆ. ಅದಕ್ಕೆ ಕೆಂಪುಕಂದು ಬಳಿದರೆ ಹೆಂಚಿನ ಮಾಡು ಸಿದ್ಧ.

ಹೊಸ ಸಿಮೆಂಟು ಗಾರೆಯ ಗೋಡೆ ಆರಲು ಸುಮಾರು ನಾಲ್ಕು ವಾರ ಬೇಕು. ಅದರಲ್ಲಿನ ಕ್ಷಾರ ಬಣ್ಣವನ್ನು ಮಂಕಾಗಿಸುತ್ತದೆ. ಹಳೆಯ ಗೋಡೆಯಾದರೆ ಅಂಗೈಯಿಂದ ಉಜ್ಜಿ ನೋಡಬೇಕು. ಕೈಗೆ ಸುಣ್ಣ ಮೆತ್ತಿದರೆ ಅದನ್ನು ಕೆರೆದು ತೊಳೆದು ಪ್ರೈಮರ್ ಬಳಿಯದೆ ಮುಂದುವರಿಯುವಂತಿಲ್ಲ. ಗೋಡೆಯ ಬುಡದಲ್ಲಿ ಬಿಳಿ ಉಪ್ಪು ಎದ್ದಿದ್ದರೆ ಒಳಗೆ ತೇವವಿದೆ ಎಂದರ್ಥ. ತೇವದ ಮೂಲ ನಿಲ್ಲಿಸದೆ ಎಂಥ ದುಬಾರಿ ಬಣ್ಣ ಬಳಿದರೂ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಚಕ್ಕೆಯೇಳುತ್ತದೆ.

ಬಣ್ಣ

ಮನೆಯ ಕೆಲಸಕ್ಕೆ ನೀರು ಬೆರೆಸಿ ಬಳಿಯುವ ಎಮಲ್ಷನ್ ಎಲ್ಲಕ್ಕಿಂತ ಅನುಕೂಲ. ಬಿಳಿ ಎಮಲ್ಷನ್ನಿನ ಒಂದು ಡಬ್ಬಿ ಮತ್ತು ಅಂಗಡಿಯಲ್ಲಿ ಸಿಗುವ ಸ್ಟೇನರಿನ ಸಣ್ಣ ಸೀಸೆಗಳಿದ್ದರೆ ಬೇಕಾದ ಬಣ್ಣ ಕಲಸಿಕೊಳ್ಳಬಹುದು. ಕಾವಿ ಕೆಂಪು, ಮಣ್ಣುಹಳದಿ, ನೀಲಿ, ಕಪ್ಪು ಈ ನಾಲ್ಕು ಸೀಸೆಗಳಿಂದ ಕಾಡು, ಕೋಟೆ, ಬೀದಿ, ಸಂಜೆಯ ಆಕಾಶ ಎಲ್ಲವೂ ಬರುತ್ತವೆ. ಕಲಸಿದ ಬಣ್ಣ ಒಣಗಿದ ಮೇಲೆ ಸಾಮಾನ್ಯವಾಗಿ ಸ್ವಲ್ಪ ಗಾಢವಾಗುತ್ತದೆ, ಆದ್ದರಿಂದ ಪೇಪರಿನ ಚೂರಿಗೆ ಹಚ್ಚಿ ಒಣಗಿಸಿ ನೋಡಿಯೇ ಗೋಡೆಗೆ ಹೋಗಬೇಕು. ಮತ್ತೆ ಅದೇ ಬಣ್ಣ ಕಲಸಿ ಹೊಂದಿಸುವುದು ಪಳಗಿದವರಿಗೂ ಕಷ್ಟ. ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಕಲಸಿಟ್ಟುಕೊಳ್ಳುವುದು ಜಾಣತನ. 10 ಅಡಿ ಅಗಲ 8 ಅಡಿ ಎತ್ತರದ ಗೋಡೆಗೆ ಒಂದು ಕೈ ಬಳಿಯಲು ಒಂದು ಲೀಟರು ಸಾಕಾಗುತ್ತದೆ. ಪೋಸ್ಟರ್ ಬಣ್ಣ ಮುಖವಾಡದಂಥ ಸಣ್ಣ ವಸ್ತುಗಳಿಗೆ ಚೆನ್ನ, ಆದರೆ ಬೆವರಿನ ಕೈ ತಾಗಿದರೆ ಕದಡುತ್ತದೆ. ಎನಾಮೆಲ್ ಹೊಳೆಯುತ್ತದೆ, ರಂಗದ ದೀಪಕ್ಕೆ ಕಣ್ಣು ಕುಕ್ಕುವ ಆ ಹೊಳಪು ಪರದೆಗೆ ಶತ್ರು.

ಹಿಂದಿನ ಪರದೆಯ ಕಲಾವಿದರು ಪುಡಿಬಣ್ಣವನ್ನು ವಜ್ರದ, ಎಂದರೆ ಚರ್ಮ ಮೂಳೆಗಳಿಂದ ಮಾಡಿದ ಮರಗೆಲಸದ ಅಂಟಿನ, ಬಿಸಿ ನೀರಿನಲ್ಲಿ ಕಲಸುತ್ತಿದ್ದರು. ಅಂಟು ಹೆಚ್ಚಾದರೆ ಪರದೆ ಸುತ್ತಿದಾಗ ಬಿರುಕು, ಕಡಿಮೆಯಾದರೆ ಬಣ್ಣ ಉದುರಿ ನಟರ ಬಟ್ಟೆಗೆ. ಇಂದು ವಜ್ರದ ಬದಲು ಫೆವಿಕಾಲಿಗೆ ಐದಾರು ಪಾಲು ನೀರು ಬೆರೆಸಿ ಅದೇ ಕೆಲಸ ಮಾಡಬಹುದು. ಪುಡಿಬಣ್ಣ ಆರಿಸುವಾಗ ಎಚ್ಚರಿಕೆ ಬೇಕು. ಯಕ್ಷಗಾನದ ಬಣ್ಣದ ವೇಷಗಳಿಗೆ ಹಿಂದೆ ಬಳಸುತ್ತಿದ್ದ ಇಂಗಳೀಕ ಪಾದರಸದ ಸಂಯುಕ್ತ. ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷಕ್ಕೆ 90 ಪಾಲನ್ನು ಮೀರಬಾರದೆಂಬ ನಿಯಮವನ್ನು ಭಾರತ ಸರ್ಕಾರ 2016ರಲ್ಲಿ ಹೊರಡಿಸಿತು, 2017ರ ನವೆಂಬರಿನಿಂದ ಅದು ಜಾರಿಯಲ್ಲಿದೆ. ಅಟ್ಟದ ಮೇಲೆ ಸಿಕ್ಕ ಅದಕ್ಕೂ ಹಿಂದಿನ ಡಬ್ಬಿಗಳನ್ನು ಮಕ್ಕಳ ಪರಿಕರಗಳಿಗೆ ಬಳಸಬಾರದು. ಕೊಳಲು, ಶಂಖ, ಬಟ್ಟಲು ಹೀಗೆ ಬಾಯಿಗೆ ತಾಗುವ ವಸ್ತುಗಳ ತುಟಿಯಂಚಿಗೆ ಬಣ್ಣವನ್ನೇ ಹಚ್ಚದಿರುವುದು ಲೇಸು.

ಚಿತ್ರ ಹಿಗ್ಗಿಸುವುದು

ಸಣ್ಣ ಕಾಗದದ ಚಿತ್ರವನ್ನು ದೊಡ್ಡ ಗೋಡೆಗೆ ಒಯ್ಯುವುದೆಂದರೆ ಹೊಸಬರಿಗೆ ದೊಡ್ಡ ದಿಗಿಲು. ಹದಿನೈದು ಚುಕ್ಕಿಯಿಂದ ಎಂಟರವರೆಗೆ ಸಂದುಚುಕ್ಕಿ ಇಟ್ಟು ಅಂಗಳ ತುಂಬುವ ರಂಗೋಲಿ ಬಿಡಿಸುವ ನಮ್ಮ ಹೆಂಗಸರಿಗೆ ಆ ದಿಗಿಲಿಗೆ ಕಾರಣವಿಲ್ಲ, ಏಕೆಂದರೆ ಅವರು ದಿನವೂ ಮಾಡುವುದು ಅದನ್ನೇ. ಚುಕ್ಕಿಗಳ ನಡುವಿನ ಅಂತರ ದೊಡ್ಡದಾದರೆ ರಂಗೋಲಿ ದೊಡ್ಡದಾಗುತ್ತದೆ, ಸಣ್ಣದಾದರೆ ಸಣ್ಣದು. ಆಕಾರ ಮಾತ್ರ ಕೆಡುವುದಿಲ್ಲ. ಗೋಡೆಚಿತ್ರದ ಚೌಕಳಿಯೂ ಹೀಗೆಯೇ. 10 ಅಂಗುಲ ಅಗಲ 8 ಅಂಗುಲ ಎತ್ತರದ ಕಾಗದದಲ್ಲಿ ಚಿತ್ರ ಬರೆದು ಅಂಗುಲಕ್ಕೊಂದರಂತೆ ಗೆರೆ ಎಳೆದರೆ 80 ಚೌಕಗಳಾಗುತ್ತವೆ. ಗೋಡೆಯ ಮೇಲೆ ಒಂದೊಂದು ಅಡಿಯ 80 ಚೌಕಗಳನ್ನು ಮಾಡಿ, ಕಾಗದದ ಒಂದೊಂದು ಚೌಕದಲ್ಲಿ ಗೆರೆ ಎಲ್ಲಿ ಹೊಕ್ಕು ಎಲ್ಲಿ ಹೊರಟಿತೆಂದು ನೋಡಿಕೊಂಡು ಗೋಡೆಯ ಅದೇ ಚೌಕಕ್ಕೆ ದಾಟಿಸಬೇಕು. ಕಣ್ಣು, ಬೆರಳಿನಂಥ ಸೂಕ್ಷ್ಮ ಭಾಗ ಬಂದ ಚೌಕವನ್ನು ಮತ್ತೆ ನಾಲ್ಕಾಗಿ ಸೀಳಿಕೊಂಡರಾಯಿತು.

ಉದ್ದ ನೇರ ಗೆರೆಗೆ ಅಳತೆಪಟ್ಟಿಗಿಂತ ದಾರವೇ ಮೇಲು. ಕಾವಿಪುಡಿಯಲ್ಲಿ ಹೊರಳಿಸಿದ ದಾರವನ್ನು ಇಬ್ಬರು ಎರಡು ತುದಿಯಲ್ಲಿ ಬಿಗಿಹಿಡಿದು ಮಧ್ಯದಲ್ಲಿ ಮೀಟಿದರೆ ಗೋಡೆಯುದ್ದಕ್ಕೂ ಒಂದೇ ಏಟಿಗೆ ಗೆರೆ ಬೀಳುತ್ತದೆ. ಮರಗೆಲಸದವರು ಮರ ಕೊಯ್ಯುವ ಮುನ್ನ ಮಾಡುವುದೂ ಇದನ್ನೇ. ದೊಡ್ಡ ವೃತ್ತಕ್ಕೆ ಒಂದು ಮೊಳೆ, ಒಂದು ದಾರ, ತುದಿಗೆ ಸೀಮೆಸುಣ್ಣ.

ಒಂದೇ ಆಕಾರ ಹತ್ತಾರು ಕಡೆ ಬರಬೇಕಾದಾಗ ಅಚ್ಚು ಕೈಹಿಡಿಯುತ್ತದೆ. ಅಂಗಡಿಯಲ್ಲಿ ಸಿಗುವ ತೂತಿನ ರಂಗೋಲಿ ಜರಡಿಯ ತತ್ವವೇ ಇಲ್ಲಿಯೂ: ದಪ್ಪ ಕಾಗದದ ಮೇಲೆ ಚಿತ್ರ ಬರೆದು ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ, ಗೋಡೆಗೆ ಒತ್ತಿ ಹಿಡಿದು, ಇದ್ದಿಲ ಪುಡಿ ತುಂಬಿದ ಬಟ್ಟೆಗಂಟಿನಿಂದ ತಟ್ಟಿದರೆ ಚುಕ್ಕಿಗಳ ಸಾಲು ಗೋಡೆಗೆ ಇಳಿಯುತ್ತದೆ. ಬಣ್ಣವನ್ನೇ ಅಚ್ಚಿನಲ್ಲಿ ಹಾಕುವುದಾದರೆ ಹಳೆಯ ಎಕ್ಸ್-ರೇ ಹಾಳೆಯನ್ನು ಕತ್ತರಿಸಿಕೊಳ್ಳಬಹುದು. ಕುಂಚದಲ್ಲಿ ಬಣ್ಣ ಕಡಿಮೆ ಇರಬೇಕು, ಎಳೆಯದೆ ಕುಟ್ಟಬೇಕು. ಇಲ್ಲವಾದರೆ ಅಚ್ಚಿನಡಿ ಬಣ್ಣ ನುಸುಳಿ ಅಂಚೆಲ್ಲ ಹರಡುತ್ತದೆ.

ಕೈಚಳಕಗಳು

ಇಟ್ಟಿಗೆಯ ಗೋಡೆಯೊಂದನ್ನು ಪೂರ್ತಿ ಬರೆದು ಕಲಿತರೆ ಉಳಿದದ್ದೆಲ್ಲ ಅದರಿಂದ ತಾನಾಗಿ ಹೊಳೆಯುತ್ತದೆ. ಎಲ್ಲರೂ ಮಾಡುವ ತಪ್ಪು, ಪರದೆಗೆ ಕೆಂಪು ಬಳಿದು ಅದರ ಮೇಲೆ ಬಿಳಿ ಗೆರೆ ಎಳೆಯುವುದು. ಅದು ಇಟ್ಟಿಗೆಯಾಗಿ ಅಲ್ಲ, ಚೌಕಳಿ ಸೀರೆಯಾಗಿ ಕಾಣುತ್ತದೆ. ನಿಜವಾದ ಗೋಡೆಯಲ್ಲಿ ಹಿಂದಿರುವುದು ಗಾರೆ, ಮುಂದೆ ಚಾಚಿರುವುದು ಇಟ್ಟಿಗೆ. ಆದ್ದರಿಂದ ಮೊದಲು ಇಡೀ ಮೈಗೆ ಗಾರೆಯ ಬಣ್ಣ, ಮಾಸಲು ಬೂದಿ. ಅದು ಒಣಗಿದ ಮೇಲೆ ಸುಮಾರು 9 ಅಂಗುಲ ಉದ್ದ 3 ಅಂಗುಲ ಎತ್ತರಕ್ಕೆ ಕತ್ತರಿಸಿದ ಸ್ಪಂಜು. ಅಗಲ ತಟ್ಟೆಯಲ್ಲಿ ಕಾವಿ ಕೆಂಪು, ಕಿತ್ತಳೆಗಂದು, ಸುಟ್ಟಂಥ ನೇರಳೆಗಂದು ಮೂರನ್ನೂ ಒಂದರ ಪಕ್ಕ ಒಂದು ಸುರಿದು, ಕಲಸದೆ, ಸ್ಪಂಜನ್ನು ಅದ್ದಿ ಒತ್ತುತ್ತ ಹೋಗಬೇಕು. ಮೇಲಿನ ಸಾಲಿನ ಇಟ್ಟಿಗೆಯ ನಡುಭಾಗಕ್ಕೆ ಕೆಳಗಿನ ಸಾಲಿನ ಸಂದು ಬರಬೇಕು, ಸಾಲುಗಳ ನಡುವೆ ಅರ್ಧ ಅಂಗುಲ ಬಿಡಬೇಕು. ಒಂದು ಇಟ್ಟಿಗೆ ಇನ್ನೊಂದರಂತಿರುವುದಿಲ್ಲ. ಸ್ಪಂಜಿನ ತೂತುಗಳು ಇಟ್ಟಿಗೆಯ ತೂತುಗಳಾಗುತ್ತವೆ.

ಇಷ್ಟಕ್ಕೇ ನಿಲ್ಲಿಸಿದರೂ ಆದೀತು, ಆದರೆ ಗೋಡೆಗೆ ಪ್ರಾಣ ಬರುವುದು ಮುಂದಿನ ಹೆಜ್ಜೆಯಲ್ಲಿ. ಬೆಳಕು ಎಡಮೇಲಿನಿಂದ ಬರುತ್ತಿದೆ ಎಂದುಕೊಂಡರೆ, ಪ್ರತಿ ಇಟ್ಟಿಗೆಯ ಕೆಳಗೂ ಬಲಕ್ಕೂ ನೀಲಿಗಪ್ಪಿನ ಒಂದು ತೆಳು ಗೆರೆ, ಮೇಲಿನ ಅಂಚಿಗೆ ಅಲ್ಲಲ್ಲಿ ತಿಳಿ ಕಿತ್ತಳೆಯ ತುಂಡು ಗೆರೆ. ಎಲ್ಲ ಇಟ್ಟಿಗೆಗೂ ಹಾಕಬೇಕಿಲ್ಲ. ಹತ್ತಕ್ಕೆ ಏಳು ಸಾಕು, ಉಳಿದದ್ದನ್ನು ಕಣ್ಣೇ ತುಂಬಿಕೊಳ್ಳುತ್ತದೆ. ಕೊನೆಗೆ ಕಂದು ಬಣ್ಣವನ್ನು ಚಹಾದಷ್ಟು ನೀರಾಗಿ ಮಾಡಿ ಗೋಡೆಯ ಬುಡಕ್ಕೂ ಕಿಟಕಿಯ ಕೆಳಗೂ ಹರಿಯಬಿಟ್ಟರೆ ಎಷ್ಟೋ ಮಳೆ ಕಂಡ ಗೋಡೆ ಎದ್ದು ನಿಲ್ಲುತ್ತದೆ. ತಳಬಣ್ಣ, ಸ್ಪಂಜಿನ ಒಡಕುಬಣ್ಣ, ನೆರಳು, ಬೆಳಕು, ಮಾಸು: ಯಾವ ವಸ್ತುವಿಗಾದರೂ ಸಾಗಬೇಕಾದ ದಾರಿ ಈ ಐದು ಮೆಟ್ಟಿಲಿನದು.

ಕೈಚಳಕಗಳಲ್ಲಿ ಒಣಕುಂಚದ ಕೆಲಸವನ್ನು ಬೇರೆಯಾಗಿ ಹೇಳಬೇಕು. ಕುಂಚವನ್ನು ಬಣ್ಣಕ್ಕೆ ಅದ್ದಿ, ಹಳೆ ಬಟ್ಟೆಗೆ ಮುಕ್ಕಾಲುಪಾಲು ಒರೆಸಿ, ಉಳಿದದ್ದನ್ನು ಮೈಮೇಲೆ ಹಗುರವಾಗಿ ಸವರಿದರೆ ಉಬ್ಬಿದ ಕಡೆ ಮಾತ್ರ ಬಣ್ಣ ತಾಗುತ್ತದೆ, ತಗ್ಗಿನಲ್ಲಿ ತಳದ ಕಪ್ಪು ಹಾಗೆಯೇ ಉಳಿಯುತ್ತದೆ. ಅಂಟಿನಲ್ಲಿ ಅದ್ದಿದ ಗೋಣಿತಾಟನ್ನು ಮುದುಡಿ ಒಣಗಿಸಿ ಕಪ್ಪು ಬಳಿದು, ಮೇಲೆ ಬೂದಿಬಣ್ಣದ ಒಣಕುಂಚ ಆಡಿಸಿದರೆ ಬಂಡೆ. ಕಂದು ಆಡಿಸಿದರೆ ಮರದ ಬೊಡ್ಡೆ. ಚಿತ್ರ ಬರೆಯಲು ಬಾರದು ಎನ್ನುವ ಮಗುವಿನ ಕೈಗೆ ಮೊದಲು ಕೊಡಬೇಕಾದ ಕೆಲಸ ಇದು. ಎರಡು ನಿಮಿಷದಲ್ಲಿ ಕಪ್ಪು ಚಿಂದಿ ಕಲ್ಲಾಗುವುದನ್ನು ಕಂಡ ಮಗು ಮತ್ತೆ ಆ ಮಾತು ಆಡುವುದಿಲ್ಲ.

ಕರಿಕಲ್ಲಿಗೆ ಬೂದಿ ತಳದ ಮೇಲೆ ಹಲ್ಲುಜ್ಜುವ ಬ್ರಷ್ಷಿನ ಕೂದಲನ್ನು ಹೆಬ್ಬೆರಳಿನಿಂದ ಮೀಟಿ ಕಪ್ಪು, ಬಿಳಿ, ಇಷ್ಟೇ ಇಷ್ಟು ಕೆಂಪು ಹನಿಗಳನ್ನು ಚಿಮುಕಿಸಬೇಕು. ಹೊಯ್ಸಳ ದೇವಾಲಯದ ದೃಶ್ಯವಾದರೆ ತಳಕ್ಕೆ ತುಸು ಹಸಿರು ಬೆರೆಸಬೇಕು, ಬೇಲೂರು ಹಳೇಬೀಡುಗಳ ಬಳಪದ ಕಲ್ಲಿನ ಬಣ್ಣ ಅದು. ಮರದ ಹಲಗೆಗೆ ತಿಳಿ ಮಣ್ಣುಹಳದಿ ತಳ, ಒಣಗಿದ ಮೇಲೆ ನೀರಾದ ಗಾಢ ಕಂದು; ಅದು ಹಸಿಯಿರುವಾಗ ತೆಂಗಿನಕಡ್ಡಿ ಪೊರಕೆಯನ್ನು ಒಂದೇ ದಿಕ್ಕಿಗೆ ಎಳೆದರೆ ಮರದ ಎಳೆಗಳು. ಎಳೆಯುವಾಗ ಒಂದೆರಡು ಕಡೆ ಕೈ ಸ್ವಲ್ಪ ತಿರುಗಿಸಿದರೆ ಗಂಟುಗಳೂ ಬೀಳುತ್ತವೆ.

ಕಾಡಿನ ಪರದೆಯಲ್ಲಿ ಎಲೆ ಎಲೆಯಾಗಿ ಬರೆಯುವುದು ವ್ಯರ್ಥ ಶ್ರಮ. ಹಿಂದಿನ ಮರಗಳು ನೀಲಿ ಬೆರೆತ ಮಂಕು ಹಸಿರು, ನಡುವಿನವು ಹಸಿರು, ಮುಂದಿನವು ಕಪ್ಪಿಗೆ ಹತ್ತಿರ. ಈ ಮೂರು ಪದರಗಳಿಂದಲೇ ಆಳ ಹುಟ್ಟುತ್ತದೆ. ಪಶ್ಚಿಮ ಘಟ್ಟದ ಬೆಟ್ಟಸಾಲುಗಳನ್ನು ಬೆಳಗ್ಗೆ ನೋಡಿದವರಿಗೆ ದೂರದ ಬೆಟ್ಟ ನೀಲಿಯಾಗುವ ಬಗೆಯನ್ನು ಹೇಳಿಕೊಡಬೇಕಿಲ್ಲ. ಆಕಾಶಕ್ಕೆ ಇಬ್ಬರು ಬೇಕು: ಒಬ್ಬರು ಮೇಲಿನಿಂದ ನೀಲಿ, ಇನ್ನೊಬ್ಬರು ಕೆಳಗಿನಿಂದ ಬಿಳಿ ಬಳಿಯುತ್ತ ಬಂದು, ಎರಡೂ ಹಸಿಯಿರುವಾಗಲೇ ನಡುವೆ ಅಡ್ಡಡ್ಡ ಕುಂಚ ಆಡಿಸಬೇಕು.

ಪರಿಕರಗಳು

ಭೀಮನ ಗದೆಯನ್ನೇ ತೆಗೆದುಕೊಳ್ಳೋಣ. ಹಗುರವಾಗಿರಬೇಕು, ಎತ್ತಿದರೆ ಭಾರವಾಗಿ ಕಾಣಬೇಕು, ದುಶ್ಶಾಸನನಿಗೆ ತಾಗಿದರೂ ನೋಯಬಾರದು. ಊದಿದ ಬಲೂನಿನ ಮೇಲೆ ಮೈದಾ ಅಂಟಿನಲ್ಲಿ ನೆನೆಸಿದ ಪೇಪರಿನ ಚೂರುಗಳನ್ನು ಐದಾರು ಪದರ ಹಚ್ಚಬೇಕು. ಚೂರುಗಳನ್ನು ಕತ್ತರಿಸದೆ ಹರಿಯಬೇಕು, ಹರಿದ ಅಂಚು ಒಂದರೊಳಗೊಂದು ಬೆಸೆಯುತ್ತದೆ. ಎರಡು ಪದರಕ್ಕೊಮ್ಮೆ ಬಿಸಿಲಿಗಿಡಬೇಕು. ಅವಸರದಲ್ಲಿ ಎಲ್ಲ ಒಟ್ಟಿಗೆ ಹಚ್ಚಿದರೆ ಒಳಗೆ ಹುಳಿತು ಬೂಷ್ಟು ಬರುತ್ತದೆ. ಆಮೇಲೆ ಬಲೂನು ಒಡೆದು, ಬಿದಿರ ಕೋಲು ತೂರಿಸಿ, ಸಂದಿಗೆ ಕಾಗದದ ತಿರುಳು ತುಂಬಬೇಕು. ಮೊರ ಬುಟ್ಟಿಗಳಿಗೆ ಕಾಗದ ಮೆತ್ತುವಾಗ ನಮ್ಮ ಅಜ್ಜಿಯರು ನೆನೆಸಿ ರುಬ್ಬಿದ ಮೆಂತ್ಯ ಸೇರಿಸುತ್ತಿದ್ದರು. ಆ ತಿರುಳು ಬಿರುಕು ಬಿಡದೆ ಗಟ್ಟಿಯಾಗುತ್ತದೆ, ಹುಳವೂ ಹತ್ತಿರ ಬರುವುದಿಲ್ಲ. ಅಂಟಿಗೆ ಮೈಲುತುತ್ತ ಬೇಕೆನ್ನುವವರು ಈ ಮೆಂತ್ಯವನ್ನು ನೆನೆಯಬೇಕು.

ಚಿನ್ನದ ಬಣ್ಣವನ್ನು ಬಿಳಿಯ ಮೇಲೆ ನೇರವಾಗಿ ಬಳಿದರೆ ದೂರಕ್ಕೆ ಅದು ಮಾಸಿದ ಹಳದಿ. ಗದೆಗೆ ಮೊದಲು ಕೆಂಪುಕಂದು ಬಳಿದು, ಒಣಗಿದ ಮೇಲೆ ಚಿನ್ನದ ಬಣ್ಣವನ್ನು ಒಣಕುಂಚದಲ್ಲಿ ಉಬ್ಬುಗಳಿಗಷ್ಟೇ ಸವರಿ, ತೀರಾ ತುದಿಗಳಿಗೆ ತಿಳಿ ಹಳದಿಯ ಚುಕ್ಕೆ ಇಟ್ಟರೆ ಹಳೆಯ ಲೋಹದ ತೂಕ ಬರುತ್ತದೆ. ಕಬ್ಬಿಣದ ಕತ್ತಿಗೆ ಕಪ್ಪು ತಳದ ಮೇಲೆ ಪೆನ್ಸಿಲ್ ಸೀಸದ ಪುಡಿಯನ್ನು ಬೆರಳಿನಿಂದ ತಿಕ್ಕಿದರೆ ಸಾಕು. ಯಕ್ಷಗಾನದ ಕಿರೀಟ, ಎದೆಪದಕಗಳು ಹಗುರ ಮರದ ಮೇಲೆ ಬೇಗಡೆ ಅಂಟಿಸಿ ಮಾಡಿದವು. ರಾತ್ರಿಯ ದೀಪಕ್ಕೆ ಅವು ಕೊಡುವ ಮಿಂಚನ್ನು ಯಾವ ಚಿನ್ನದ ಬಣ್ಣವೂ ಕೊಡಲಾರದು. ಮನೆಯಲ್ಲಿ ಚಾಕಲೇಟಿನ ತಗಡುಕಾಗದವನ್ನು ಕೂಡಿಟ್ಟು ಈ ಕೆಲಸಕ್ಕೆ ಬಳಸಬಹುದು.

ಒಡವೆಯ ಉಬ್ಬುಕೆಲಸಕ್ಕೂ ನಮ್ಮಲ್ಲಿ ಹಳೆಯ ಮಾದರಿಗಳಿವೆ. ಮೈಸೂರು ಶೈಲಿಯ ಚಿತ್ರಕಾರರು ಆಭರಣಗಳ ಮೇಲೆ ಬಂಗಾರದ ರೇಕು ಅಂಟಿಸುವ ಮೊದಲು ಬಿಳಿಸೀಸ, ಮಕ್ಕಿ ಎಂಬ ಹಳದಿ ಮರದಂಟು ಮತ್ತು ಅಂಟು ಸೇರಿದ ಸರಿಯಿಂದ ಗೆರೆಗಳನ್ನು ಉಬ್ಬಿಸುತ್ತಿದ್ದರು. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಹಗುರ ಮರದ ಗೊಂಬೆಗೆ ಹುಣಸೆಬೀಜದ ಅಂಟು, ಬಟ್ಟೆ, ನಾರುಗಳಿಂದ ಮೈ ಹದಗೊಳಿಸಿ, ಕಲ್ಲುಪುಡಿಯ ಸರಿಯಿಂದ ಒಡವೆ ಎಬ್ಬಿಸುತ್ತಾರೆ. ಮನೆಗೆ ಇದರ ಸರಳರೂಪ, ಸೀಮೆಸುಣ್ಣದ ಪುಡಿಗೆ ಫೆವಿಕಾಲ್ ಕಲಸಿ ಗೋರಂಟಿ ಕೋನಿನಲ್ಲಿ ತುಂಬಿ ಹಿಂಡುವುದು. ಕೈಗೆ ಗೋರಂಟಿ ಬಿಡಿಸಬಲ್ಲವರು ಕಿರೀಟದ ಬಳ್ಳಿಯನ್ನೂ ಬಿಡಿಸಬಲ್ಲರು.

ಥರ್ಮೋಕೋಲಿನ ವಿಷಯದಲ್ಲಿ ಎರಡು ಮಾತು. ಸ್ಪ್ರೇ ಬಣ್ಣ, ಎನಾಮೆಲ್‌ಗಳಲ್ಲಿರುವ ದ್ರಾವಕ ಅದನ್ನು ಕರಗಿಸಿಬಿಡುತ್ತದೆ. ನೀರಿನ ಬಣ್ಣವೊಂದೇ ಅದಕ್ಕೆ ಒಗ್ಗುವುದು. ಅಲಂಕಾರಕ್ಕೆ ಥರ್ಮೋಕೋಲ್ ಬಳಸುವುದನ್ನು 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಲಾಗಿದೆ. ಹೀಗಾಗಿ ರಟ್ಟು, ಬಿದಿರು, ಅಡಿಕೆಹಾಳೆ, ನೆನೆಸಿದ ಮೊಟ್ಟೆಟ್ರೇಗಳಿಗೆ ಮರಳುವುದೇ ದಾರಿ. ಅಡಿಕೆಹಾಳೆಯ ಮುಖವಾಡ ಕರಾವಳಿಯ ಆರಾಧನೆಗಳಲ್ಲಿ ಹಿಂದಿನಿಂದ ಬಂದದ್ದು. ಒದ್ದೆ ಹಾಳೆಯನ್ನು ಬೇಕಾದಂತೆ ಬಗ್ಗಿಸಿ ಕಟ್ಟಿ ಒಣಗಿಸಿದರೆ ಆ ಆಕಾರವೇ ನಿಲ್ಲುತ್ತದೆ.

ಬೆಳಕು

ಹಗಲಿನ ಬೆಳಕಿನಲ್ಲಿ ಬರೆದ ಪರದೆ ರಾತ್ರಿ ಬೇರೆಯದೇ ಆಗಿಬಿಡುತ್ತದೆ. ಹಸಿರು ದೀಪದಡಿ ಕೆಂಪು ಕಪ್ಪಾಗುತ್ತದೆ, ಕೆಂಪು ದೀಪದಡಿ ಕೆಂಪು ಗೆರೆ ಬಿಳಿಯೊಡನೆ ಬೆರೆತು ಮಾಯವಾಗುತ್ತದೆ, ನೀಲಿಯಡಿ ಕಿತ್ತಳೆ ಕೆಸರಾಗುತ್ತದೆ. ಬಣ್ಣ ಕಲಸಿದ ಪೇಪರಿನ ಚೂರುಗಳನ್ನು ಮೊದಲೇ ದೀಪದಡಿ ಹಿಡಿದು ನೋಡಿದರೆ ಆಮೇಲಿನ ಪೇಚು ತಪ್ಪುತ್ತದೆ. ಇದನ್ನೇ ಉಪಾಯವಾಗಿಯೂ ಬಳಸಬಹುದು. ಸೊಳ್ಳೆಪರದೆಯಂಥ ಜಾಲರಿಬಟ್ಟೆಗೆ ರಂಧ್ರ ಮುಚ್ಚದಂತೆ ನೀರುಬಣ್ಣ ಬಳಿದು ಮುಂದಿನಿಂದ ದೀಪ ಹಾಕಿದರೆ ಅದು ಗೋಡೆ. ಮುಂದಿನ ದೀಪ ಆರಿಸಿ ಹಿಂದೆ ಬೆಳಗಿದರೆ ಗೋಡೆ ಕರಗಿ ಹಿಂದೆ ನಿಂತ ದೇವತೆ ಕಾಣಿಸುತ್ತಾಳೆ. ಚಪ್ಪಾಳೆ ಗಿಟ್ಟಿಸುವ ಇಂಥ ಟ್ರಿಕ್ ಸೀನಿಗೆ ಬೇಕಾದದ್ದು ಹತ್ತು ಗಜ ಬಟ್ಟೆ ಮತ್ತು ಎರಡು ಸ್ವಿಚ್ಚು.

ಗೋಡೆಗಳು

ಹೊರಗೋಡೆಯ ಚಿತ್ರಕ್ಕೆ ಬಿಸಿಲು, ಮಳೆಗಳೇ ಪರೀಕ್ಷಕರು. ಕಬ್ಬಿಣದ ಆಕ್ಸೈಡುಗಳಾದ ಕಾವಿ, ಮಣ್ಣುಹಳದಿ, ಕಂದು ವರ್ಷಗಟ್ಟಲೆ ಬಾಳುತ್ತವೆ. ಗುಲಾಬಿ, ನೇರಳೆಗಳು ಬೇಗ ಬಿಳಿಚಿಕೊಳ್ಳುತ್ತವೆ. ಮುಖ್ಯ ಆಕಾರಗಳನ್ನು ಮಣ್ಣುಬಣ್ಣಗಳಲ್ಲಿಟ್ಟು ಉಳಿದವನ್ನು ಅಲಂಕಾರಕ್ಕಷ್ಟೇ ಬಳಸಿದರೆ ಚಿತ್ರ ಹಳತಾದರೂ ಅಂದಗೆಡುವುದಿಲ್ಲ. ಹೊರಗೆ ಬಳಿಯಲು ಹೊರಗೋಡೆಯ ಎಮಲ್ಷನ್ನೇ ಬೇಕು, ಮಳೆ ನಿಂತು ಗೋಡೆ ಆರಿದ ಮೇಲಿನ ತಿಂಗಳುಗಳೇ ಬೇಕು, ಉರಿಬಿಸಿಲು ನೇರವಾಗಿ ಬೀಳದ ಹೊತ್ತೂ ಬೇಕು.

ಕರ್ನಾಟಕದ ಸರ್ಕಾರಿ ಶಾಲೆಗಳ ಗೋಡೆಗಳು ಈ ಕಲೆಯ ದೊಡ್ಡ ಬಯಲು. ಕೊಠಡಿಗಳ ಸಾಲನ್ನೇ ರೈಲು ಬೋಗಿಗಳಾಗಿ ಬಳಿದು ಬಾಗಿಲನ್ನು ಬೋಗಿಯ ಬಾಗಿಲಾಗಿಸಿದ ಶಾಲೆಗಳಿವೆ. ಚಪ್ಪಟೆ ನೀಲಿ, ನೇರ ಗೆರೆ, ಅಚ್ಚಿನ ಅಂಕಿಗಳು, ಇಷ್ಟರಿಂದಲೇ ಆಗುವ ಈ ಚಿತ್ರ ಊರ ಯುವಕರು ಒಂದು ವಾರದಲ್ಲಿ ಮುಗಿಸುವಂಥದು, ಅದನ್ನು ಕಂಡು ಒಳಗೆ ಓಡುವ ಮಗುವಿನ ಖುಷಿಗೆ ಸಾಟಿಯಿಲ್ಲ. ನಲಿ-ಕಲಿ ತರಗತಿಗಳಲ್ಲಿ ಗೋಡೆಯ ಕೆಳಭಾಗವನ್ನು ಮಕ್ಕಳ ಎತ್ತರಕ್ಕೆ ಕಪ್ಪು ಹಲಗೆಯಾಗಿಸಿರುವುದೂ ಗೋಡೆ ಬಣ್ಣದ ಒಳ್ಳೆಯ ಬಳಕೆ. ಮಕ್ಕಳಿಗಾಗಿ ಬರೆಯುವವರು ಇದನ್ನು ಗಮನಿಸಬೇಕು: ಚಿತ್ರದ ಮುಖ್ಯ ಭಾಗ ನೆಲದಿಂದ ಮೂರು ಅಡಿಯ ಆಸುಪಾಸಿನಲ್ಲಿರಲಿ. ದೊಡ್ಡವರ ಕಣ್ಣಿನೆತ್ತರಕ್ಕೆ ಬರೆದ ಆನೆಯ ಕಾಲಷ್ಟೇ ಒಂದನೇ ತರಗತಿಯವರಿಗೆ ದಕ್ಕುತ್ತದೆ.

ಬೆಂಗಳೂರಿನಲ್ಲಿ 2009ರ ಸುಮಾರಿಗೆ ನಗರಪಾಲಿಕೆ ರಸ್ತೆ ಬದಿಯ ಗೋಡೆಗಳಿಗೆ ನಾಡಿನ ಪ್ರೇಕ್ಷಣೀಯ ಸ್ಥಳಗಳನ್ನು ಬರೆಸಿತು. ಬರೆದವರಲ್ಲಿ ಫ್ಲೆಕ್ಸ್ ಬಂದ ಮೇಲೆ ಕೆಲಸ ಕಳೆದುಕೊಂಡ ಸಿನಿಮಾ ಬ್ಯಾನರ್ ಕಲಾವಿದರೂ ಇದ್ದರು. ಚಲಿಸುವ ವಾಹನದಿಂದ ಒಂದು ಕ್ಷಣ ನೋಡುವವರಿಗಾಗಿ ಬರೆಯುವುದು ಹೇಗೆಂದು ಅವರಷ್ಟು ಬಲ್ಲವರು ಬೇರಾರು? ಜೋಗ ಜಲಪಾತದ ನೊರೆಗೆ ಅಗಲ ಕುಂಚದ ಒಣ ಬಿಳಿ ಸಾಕು, ಕಲ್ಲಿನ ರಥಕ್ಕೆ ಮೂರು ಛಾಯೆ.

ಇಲ್ಲಿ ಹೇಳಿದ ಯಾವ ವಿಧಾನವನ್ನೂ ಹಳೆಯ ದೇವಾಲಯ, ಮನೆಗಳ ಭಿತ್ತಿಚಿತ್ರಗಳ ಮೇಲೆ ಪ್ರಯೋಗಿಸಕೂಡದು. ಜೀರ್ಣೋದ್ಧಾರದ ಉತ್ಸಾಹದಲ್ಲಿ ಕಾವಿ ಗೋಡೆಗಳನ್ನು ಕೆಡವಿ, ಇಲ್ಲವೇ ಎನಾಮೆಲ್ ಬಳಿದು ನಾವು ಕಳೆದುಕೊಂಡದ್ದು ಸಾಕಷ್ಟಿದೆ. ಸುಣ್ಣದ ಗೋಡೆ ಉಸಿರಾಡುತ್ತದೆ. ಅದರ ಮೇಲೆ ಪ್ಲಾಸ್ಟಿಕ್ಕಿನಂಥ ಪದರ ಕಟ್ಟಿದರೆ ಒಳಗಿನ ತೇವ ಹೊರಬರಲಾರದೆ ಚಿತ್ರವನ್ನೂ ಹೊತ್ತುಕೊಂಡು ಗಾರೆ ಕಳಚುತ್ತದೆ. ಮಾಸಿದ ಹಳೆಯ ಚಿತ್ರ ಕಂಡರೆ ಧೂಳು ಕೂಡ ಒರೆಸದೆ ಪುರಾತತ್ವ ಇಲಾಖೆಗೆ ತಿಳಿಸಬೇಕು. ಕಲಿಯುವ ಆಸೆಯಿದ್ದರೆ ಪಕ್ಕದಲ್ಲಿ ಕೂತು ಕಾಗದದ ಮೇಲೆ ಅದನ್ನು ನಕಲು ಮಾಡಬಹುದು.

ನಾಟಕ ಮುಗಿದ ಮೇಲೆ ಪರದೆಯನ್ನು ಮಡಿಸಬಾರದು, ಮಡಿಕೆಯಲ್ಲಿ ಬಣ್ಣ ಒಡೆಯುತ್ತದೆ. ದಪ್ಪ ಬಿದಿರಿಗೆ ಬಣ್ಣದ ಮೈ ಹೊರಗೆ ಬರುವಂತೆ ಸಡಿಲವಾಗಿ ಸುತ್ತಿ, ಹಳೆ ಸೀರೆಯಿಂದ ಮುಚ್ಚಿ, ನೆಲಕ್ಕೆ ತಾಗದಂತೆ ತೊಲೆಗೆ ಕಟ್ಟಿ ತೂಗುಹಾಕಬೇಕು. ಗದೆ, ಕಿರೀಟಗಳನ್ನು ಬೇವಿನೆಲೆ ಹಾಕಿದ ರಟ್ಟಿನ ಪೆಟ್ಟಿಗೆಯಲ್ಲಿ ಇಟ್ಟು, ಮಳೆಗಾಲ ಕಳೆದೊಡನೆ ತೆಗೆದು ಒಂದು ದಿನ ನೆರಳಿನಲ್ಲಿ ಗಾಳಿಯಾಡಿಸಬೇಕು. ಬಣ್ಣ ಕಿತ್ತ ಕಡೆಗೆ ತಳದಿಂದಲೇ ಮತ್ತೆ ಹಚ್ಚಿದರೆ ಅದೇ ಕಿರೀಟ ಮುಂದಿನ ವರ್ಷ ಇನ್ನೊಂದು ಮಗುವಿನ ತಲೆಗೆ ಆಗುತ್ತದೆ.